ತಮ್ಮ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ, ಜೊತೆಗಿದ್ದವರಿಗೆಲ್ಲ ಥ್ಯಾಂಕ್ಸ್

ಈ ತಿಂಗಳಿಂದ ತಮ್ಮ ಮತ್ತೆ ಮುಂಬೈ ಪಕ್ಕದ ಡೊಂಬಿವಲಿಯಿಂದ ಠಾಣೆಗೆ ಲೋಕಲ್ ಟ್ರೈನ್ ಹಿಡಿದು ಕೆಲಸಕ್ಕೆ ಹೋಗುತ್ತಿದ್ದಾನೆ. ಅವನಿಗೆ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದು ನಿಜ ಅನ್ನಿಸುವಂಥ ಮಾನಸಿಕ ಕಾಯಿಲೆ. "ಬರಿ, ಮುಚ್ಚಿಡಬೇಡ" ಅಂತ ಅವನೇ ಹೇಳಿದ.

ಮೊದಲ ಥ್ಯಾಂಕ್ಸ್ ಡಾಕ್ಟರಿಗೆ. ಮುದ್ದು ಮಾಡಿ ಕೆಡಿಸಿದೆ ಅಂತ ಊರಿನವರು ಅಮ್ಮನಿಗೆ ಹೇಳಿದ್ದೇ ಹೇಳಿದ್ದು, ಅಜ್ಜನ ತಮ್ಮನಿಗೂ ಹೀಗೇ ಆಗಿತ್ತಂತೆ ಎಂಬ ಸುದ್ದಿ ಹಬ್ಬಿದ ಮೇಲಂತೂ ತಂಗಿಯ ಮದುವೆ ಮಾತು ಅಲ್ಲಿಗೇ ನಿಂತಿತು. ಡಾಕ್ಟರು ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚೀಟಿಯ ಹಿಂದೆ ನಮ್ಮ ವಂಶವೃಕ್ಷ ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ವಂಶದ ಪಾಲು ಜಾಸ್ತಿಯೇ ಇದೆ, ಆದರೆ ಇದಕ್ಕೆ ಒಂದೇ ಜೀನ್ ಅಂತಿಲ್ಲ, 2022ರ ದೊಡ್ಡ ಅಧ್ಯಯನದಲ್ಲಿ ಜೀನೋಮಿನಲ್ಲಿ, ಅಂದರೆ ನಮ್ಮ ಇಡೀ ಡಿಎನ್‌ಎಯಲ್ಲಿ, ಈ ಕಾಯಿಲೆಗೆ ನಂಟಿರುವ 287 ಜಾಗಗಳು ಸಿಕ್ಕಿವೆ, ಒಂದೊಂದರ ಪಾಲೂ ಚೂರೇ ಚೂರು ಎಂದರು. ಸಾಮಾನ್ಯವಾಗಿ 100ರಲ್ಲಿ ಸುಮಾರು 1 ಮಂದಿಗೆ ಬರುತ್ತದೆ, ಒಡಹುಟ್ಟಿದವರಿಗೆ 100ಕ್ಕೆ ಸುಮಾರು 10. ಅಂದರೆ ಹೆಚ್ಚಿನವರಿಗೆ ಬರುವುದೇ ಇಲ್ಲ ಅಲ್ವಾ! ತದ್ರೂಪಿ ಅವಳಿಗಳಲ್ಲೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರಲೇಬೇಕೆಂದಿಲ್ಲ. ಕೊನೆಗೆ ಅಮ್ಮನ ಸೊನ್ನೆಯ ಮೇಲೆ ಪೆನ್ನಿಟ್ಟು "ನೀವು ಸಾಕಿದ್ದರಿಂದ ಬಂದದ್ದಲ್ಲ ಇದು" ಎಂದರು. ಅಮ್ಮ ಅಲ್ಲೇ ಅತ್ತುಬಿಟ್ಟರು. ಅಷ್ಟು ದಿನ ಅವರು ಹೊತ್ತ ಭಾರ ನಮಗ್ಯಾರಿಗೂ ಕಂಡಿರಲಿಲ್ಲ.

ನನಗೂ ಬರುತ್ತದಾ, ಟೆಸ್ಟ್ ಮಾಡಿಸಲಾ ಅಂತ ತಂಗಿ ಕೇಳಿದಳು. ಸುಮ್ನೆ ದುಡ್ಡು ಹಾಕಬೇಡಿ, ಒಬ್ಬರಿಗೆ ಬರುತ್ತದೋ ಇಲ್ಲವೋ ಅಂತ ಹೇಳುವ ಟೆಸ್ಟ್ ಇನ್ನೂ ಇಲ್ಲ, ಜೀನಿನ ಈ ಲೆಕ್ಕಗಳೂ ಹೆಚ್ಚಾಗಿ ಯುರೋಪ್ ಮೂಲದವರ ಡಿಎನ್‌ಎ ನೋಡಿ ಮಾಡಿದವು ಎಂದರು. ಇಷ್ಟು ನೇರವಾಗಿ ಹೇಳಿದ್ದಕ್ಕೂ ಥ್ಯಾಂಕ್ಸ್. ಕೆಲವು ಕಡೆ ಜೀನ್ ಟೆಸ್ಟ್ ಈಗಲೇ ಉಪಯೋಗಕ್ಕೆ ಬರುತ್ತದೆ: ಮನಸ್ಸು ಒಮ್ಮೆ ಅತಿಯಾಗಿ ಹಿಗ್ಗಿ ಒಮ್ಮೆ ತೀರಾ ಕುಗ್ಗುವ ಬೈಪೋಲಾರ್ ಕಾಯಿಲೆಗೂ ಫಿಟ್ಸಿಗೂ ಕೊಡುವ ಕಾರ್ಬಮಝೆಪಿನ್ ಮಾತ್ರೆಯಿಂದ ಕೆಲವರಿಗೆ ಚರ್ಮವೇ ಸುಲಿಯುವಂಥ ರಿಯಾಕ್ಷನ್ ಆಗಬಹುದು, ಆ ಅಪಾಯ ಇರುವ ಎಷ್ಟೋ ಜನರನ್ನು ರಕ್ತ ನೋಡಿ ಮೊದಲೇ ಗುರುತಿಸಬಹುದು. ತಮ್ಮನಿಗೆ ಸರಿಹೊಂದುವ ಮಾತ್ರೆ ಸಿಗುವವರೆಗೆ ಒಂದಾದ ಮೇಲೊಂದು ಬದಲಿಸಿ ನೋಡಬೇಕಾಯಿತು. ಮುಂದಿನವರಿಗೆ ಈ ಅಲೆದಾಟ ಕಡಿಮೆಯಾಗಲಿ, ಅದಕ್ಕೆ ನಮ್ಮವರ ಡಿಎನ್‌ಎಯೂ ಲೆಕ್ಕಕ್ಕೆ ಸೇರಲಿ. ಯಾರಾದರೂ ಕೇಳಿದರೆ ರಕ್ತ ಕೊಡಲು ತಮ್ಮ ರೆಡಿ.

ರಾತ್ರಿ ಮಾತ್ರೆಯ ಮಂಪರು ಬೆಳಿಗ್ಗೆ ಇಳಿಯುವುದಿಲ್ಲ ಅಂತ ಹನ್ನೊಂದಕ್ಕೆ ಬರಲು ಬಿಟ್ಟ ಅವನ ಸಾಹೇಬರಿಗೆ, ಅಮ್ಮ ಕ್ಲಿನಿಕ್ಕಿಗೆ ಹೋದಾಗಲೆಲ್ಲ ಕುಕ್ಕರ್ ಇಟ್ಟ ಪಕ್ಕದ ಮನೆ ಕಾಕುಗೆ ಥ್ಯಾಂಕ್ಸ್. ಮತ್ತೆ ತಂಗಿಯ ಮದುವೆ ಮಾತು ನಡೆದಿದ್ದ ಮುಲುಂಡಿನ ಆ ಮನೆಯವರಿಗೆ. ತಮ್ಮನ ವಿಷಯ ತಿಳಿದ ಮೇಲೂ ಸಂಬಂಧ ಬಿಡದೆ, "ಡಾಕ್ಟರ ಹತ್ತಿರ ನಾವೂ ಬರುತ್ತೇವೆ, ನಮಗೂ ಕೇಳುವುದಿದೆ" ಎಂದು ಹುಡುಗನ ತಾಯಿಯೇ ಫೋನ್ ಮಾಡಿದರು. ಬರುವ ಶನಿವಾರ ಎಲ್ಲರೂ ಹೋಗುತ್ತಿದ್ದೇವೆ.