ಬೆಕ್ಕಿನ ಹಾಸು ಹೆಣೆಯುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಸಲ ಕ್ರೋಶೆಯಲ್ಲಿ (ಕೊಕ್ಕೆ ಕಡ್ಡಿಯ ಹೆಣಿಗೆ) ಬೆಕ್ಕಿಗೊಂದು ಹಾಸು, 40 × 40 ಸೆಂ.ಮೀ. 5 ಮಿ.ಮೀ. ಕಡ್ಡಿ, ಮಧ್ಯಮ ದಪ್ಪದ ನೂಲು ಸುಮಾರು 200 ಗ್ರಾಂ ಇಟ್ಟುಕೊಳ್ಳಿ. ನೂಲು ತಿಳಿ ಬಣ್ಣದ್ದೇ ಇರಲಿ. ಕಪ್ಪು, ಕಡುನೀಲಿಯಲ್ಲಿ ಕುಣಿಕೆ ಕಾಣದೆ ಕಣ್ಣು ಸೋಲುತ್ತದೆ.

57 ಸರಪಳಿ (ಒಂದರೊಳಗೊಂದು ಎಳೆದ ಕುಣಿಕೆ) ಹಾಕಿ, ಕಡ್ಡಿಯಿಂದ ಎರಡನೆಯ ಸರಪಳಿಯಲ್ಲಿ ಶುರುಮಾಡಿ 56 ಸಿಂಗಲ್ ಕ್ರೋಶೆ (ಕ್ರೋಶೆಯ ಸರಳವಾದ ಗಿಡ್ಡ ಹೆಣಿಗೆ) ಹೆಣೆಯಿರಿ. ಸಾಲು ಮುಗಿದಾಗ 1 ಸರಪಳಿ ಹಾಕಿ ತಿರುಗಿಸಿ, 40 ಸೆಂ.ಮೀ. ಎತ್ತರ ಆಗುವವರೆಗೆ ಹೀಗೆಯೇ ಸಾಲು ಸಾಲಾಗಿ ಹೆಣೆಯಿರಿ. ಹಾಸು ಮೇಲೆ ಹೋದಂತೆ ಕಿರಿದಾಗುತ್ತಿದೆಯೇ? ಸಾಲಿನ ಕೊನೆಯ ಹೆಣಿಗೆ ಬಿಟ್ಟುಹೋಗುತ್ತಿದೆ. ಹೊಸಬರೆಲ್ಲ ಎಡವುವುದು ಇಲ್ಲೇ. ಪ್ರತಿ ಸಾಲೂ 56 ಇದೆಯೇ ಎಂದು ಎಣಿಸುವ ಕೆಲಸ ಮೊಮ್ಮಕ್ಕಳಿಗೆ ಕೊಡಿ. ಅಜ್ಜ ಅಜ್ಜಿಯ ತಪ್ಪು ಹಿಡಿಯುವುದೆಂದರೆ ಅವರಿಗೆ ಬಲು ಖುಷಿ!

ಜಾಲರಿ, ಕುಚ್ಚು ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ನೂಲುಂಡೆ ಸದಾ ಮುಚ್ಚಳವಿರುವ ಡಬ್ಬಿಯಲ್ಲಿರಲಿ. ಬೆಕ್ಕು ನುಂಗಿದ ದಾರ ಕರುಳನ್ನು ನಿರಿಗೆಗಟ್ಟಿಸಿ ಕೊಯ್ದುಬಿಡಬಹುದು. ಬಾಯಲ್ಲೋ ಹಿಂಭಾಗದಲ್ಲೋ ತುದಿ ಕಂಡರೂ ದಯವಿಟ್ಟು ಎಳೆಯಬೇಡಿ, ಕೂಡಲೇ ಪಶುವೈದ್ಯರಿಗೆ ತೋರಿಸಿ.

ಬೆರಳ ಗಂಟು ನೋಯುವವರು ಕಡ್ಡಿಯ ಹಿಡಿಗೆ ಮೆತ್ತನೆಯ ಫೋಮ್ ಸುತ್ತಿ, 20 ನಿಮಿಷಕ್ಕೊಮ್ಮೆ ಕೆಳಗಿಡಿ. ಕೊನೆಯಲ್ಲಿ 15 ಸೆಂ.ಮೀ. ನೂಲು ಬಿಟ್ಟು ಕತ್ತರಿಸಿ, ಹೆಣಿಗೆಯೊಳಗೆ ಹಿಂದೆ ಮುಂದೆ ಎರಡು ಸಲ ಪೋಣಿಸಿ. ಬರೀ ಗಂಟು ಹಾಕಿದರೆ ತೊಳೆದಾಗ ಬಿಚ್ಚಿಕೊಳ್ಳುತ್ತದೆ. ಮುಗಿದ ಹಾಸಿನ ಮೇಲೆ ಬೆಕ್ಕು ಮಲಗಿದಾಗ ಫೋಟೊ ಹಾಕಿ, ಕಾಯುತ್ತಿರುತ್ತೇವೆ.