ತಾಯಿಯ ಬದುಕಿಗೂ ನಾಲ್ಕು ಸಾಲು ಇರಲಿ

ಮಾನ್ಯರೇ,

ಪತ್ರಿಕೆಗಳ ಶ್ರದ್ಧಾಂಜಲಿ ಪ್ರಕಟಣೆಗಳಲ್ಲಿ ತಾಯಿಯ ಭಾವಚಿತ್ರದ ಕೆಳಗೆ ಪತಿ, ಮಕ್ಕಳು, ಮೊಮ್ಮಕ್ಕಳ ಹೆಸರುಗಳಿರುತ್ತವೆಯೇ ಹೊರತು ಆಕೆ ಬಾಳಿದ ಬದುಕಿನ ಸುಳಿವೇ ಇರುವುದಿಲ್ಲ. ನನ್ನ ತಾಯಿ ತೀರಿಕೊಂಡಾಗ ನಾನೂ ಹಾಗೆಯೇ ಬರೆಸಿದೆ. ಮದುವೆಯಾದ ಮೇಲೆ ತಾನಾಗಿಯೇ ಅಕ್ಷರ ಕಲಿತು, ನೆರೆಹೊರೆಯವರಿಗೆಲ್ಲ ಪತ್ರ ಬರೆದುಕೊಡುತ್ತಿದ್ದವಳು ಅವಳು. ಅದು ಎಲ್ಲಿಯೂ ದಾಖಲಾಗಲಿಲ್ಲ. ಆ ಕೊರಗು ಇಂದಿಗೂ ಉಳಿದಿದೆ. ತಾಯಂದಿರ ದಿನ ಹುಟ್ಟಿದ್ದೇ ಇಂಥ ನೆನಪಿನಿಂದ. ಅಮೆರಿಕದ ಅನ್ನಾ ಜಾರ್ವಿಸ್ ಅಗಲಿದ ತಮ್ಮ ತಾಯಿಯ ಸ್ಮರಣೆಗಾಗಿ 1908ರಲ್ಲಿ ಅದನ್ನು ಆರಂಭಿಸಿದರು. ಮುಂದೆ ಅದು ಹೂವು, ಶುಭಾಶಯ ಪತ್ರಗಳ ವ್ಯಾಪಾರವಾದಾಗ ಅವರೇ ಕಟುವಾಗಿ ವಿರೋಧಿಸಿದರು. ಅಗಲಿದ ತಾಯಿಯ ಬದುಕನ್ನು ಮಕ್ಕಳೇ ಬರೆಯುವುದಕ್ಕೆ ಪತ್ರಿಕೆಯು ವಾರಕ್ಕೊಮ್ಮೆಯಾದರೂ ಒಂದಿಷ್ಟು ಜಾಗ ನೀಡಬೇಕು.

– ಓದುಗರೊಬ್ಬರು