ಕಾರಂಜಿ ಕೆರೆಯ ದೋಣಿಗೆ ಸ್ಪೀಕರ್ ಬೇಡ: ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ಮೈಸೂರಿನ ಕಾರಂಜಿ ಕೆರೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳಿಗೆ,

ನಮಸ್ಕಾರ. ಇದು ನನ್ನ ಮೂರನೆಯ ಪತ್ರ. ಮೊದಲ ಎರಡನ್ನು ಲಕೋಟೆಯಲ್ಲಿ ಹಾಕಿ ಕಳುಹಿಸಿದ್ದೆ. ಯಾವ ಕಡತದಲ್ಲಿ ನಿದ್ದೆ ಮಾಡುತ್ತಿವೆಯೋ ಕಾಣೆ. ಅದಕ್ಕೇ ಈ ಸಲ ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ. ಬೇಡಿಕೆ ಒಂದೇ. ದೋಣಿ ಹತ್ತುವವರ ಸ್ಪೀಕರುಗಳನ್ನು ದಡದಲ್ಲೇ ಇಳಿಸಿಕೊಳ್ಳಿ.

ಯುಗಾದಿಯ ಮರುದಿನ ಅಮ್ಮನನ್ನು ಕೆರೆಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ ಎಂಬತ್ತೊಂದು. ಮಂಡಿ ನೋವು, ಕಿವಿಯೂ ಮಂದ. ಹೆಜ್ಜಾರ್ಲೆಗಳನ್ನು ನೀರಿನ ಮೇಲಿಂದಲೇ ನೋಡಬೇಕೆಂದು ಚಳಿಗಾಲದಿಂದ ಕೇಳುತ್ತಿದ್ದರು. ಮೆಟ್ಟಿಲು ಇಳಿಸಿ, ದೋಣಿಯಲ್ಲಿ ಕೂರಿಸುವಷ್ಟರಲ್ಲಿ ಮಗನಿಗೂ ನನಗೂ ಬೆವರು ಇಳಿಯಿತು. ಆಮೇಲೆ ಇಬ್ಬರೂ ಪೆಡಲ್ ತುಳಿದೆವು. ಚಾಮುಂಡಿ ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು. ನಡುಗಡ್ಡೆಯ ಮರಗಳಲ್ಲಿ ಬಣ್ಣದ ಕೊಕ್ಕರೆಗಳು, ನೀರುಕಾಗೆಗಳು. ಗೂಡುಗಳಲ್ಲಿ ಮರಿಗಳ ಕಿರಿಚಾಟ. ‘ಕೇಳಿಸುತ್ತಿದೆ ಕಣೋ’ ಎಂದರು ಅಮ್ಮ. ಅದಕ್ಕೆಂದೇ ಶ್ರವಣ ಸಾಧನಕ್ಕೆ ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದಿದ್ದರು.

ಐದು ನಿಮಿಷವಾಗಿರಲಿಲ್ಲ. ಪಕ್ಕದ ದೋಣಿಯ ನಾಲ್ವರು ಯುವಕರು ಸೋರೆಕಾಯಿ ಗಾತ್ರದ ಸ್ಪೀಕರನ್ನು ತೊಡೆಯ ಮೇಲಿಟ್ಟು ಹಾಡು ಹಚ್ಚಿದರು. ಹಾಗೆಯೇ ನಡುಗಡ್ಡೆಯ ಬುಡಕ್ಕೆ ದೋಣಿ ನುಗ್ಗಿಸಿದರು. ಹಕ್ಕಿಗಳು ಒಮ್ಮೆಲೇ ಎದ್ದವು. ಬಿಸಿಲಿಗೆ ಮರಿಗಳು ಬಟಾಬಯಲಾದವು. ಅದನ್ನು ವಿಡಿಯೊ ಮಾಡಿಕೊಂಡು ಕೇಕೆ ಹಾಕಿದರು. ಚಿಪ್ಸ್ ಪೊಟ್ಟಣ ನೀರಿಗೆ ಬಿತ್ತು. ದಡದಲ್ಲಿದ್ದ ಸಿಬ್ಬಂದಿ ಸೀಟಿ ಊದಿದರು, ಪಾಪ. ಆ ಅಬ್ಬರದಲ್ಲಿ ಸೀಟಿ ಯಾರಿಗೆ ಕೇಳಬೇಕು? ಅಮ್ಮ ಏನೂ ಹೇಳಲಿಲ್ಲ. ಕಿವಿಯಿಂದ ಸಾಧನವನ್ನು ತೆಗೆದು ಸೆರಗಿನಲ್ಲಿ ಗಂಟು ಹಾಕಿಕೊಂಡರು.

ನಿಯಮ ನಿಮಗೆ ಗೊತ್ತಿಲ್ಲದ್ದಲ್ಲ. ಮೃಗಾಲಯದಲ್ಲಿ ಗದ್ದಲ ಮಾಡಿ ಪ್ರಾಣಿಗಳಿಗೆ ತೊಂದರೆ ಕೊಡುವುದನ್ನೂ ಕಸ ಎಸೆಯುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಕೆರೆ ಇರುವುದು ಮೃಗಾಲಯದ ಮಗ್ಗುಲಲ್ಲೇ. ಆ ಕಡೆಯ ಹುಲಿಗೆ ಸಿಗುವ ಮರ್ಯಾದೆ ಈ ಕಡೆಯ ಕೊಕ್ಕರೆಗೆ ಏಕಿಲ್ಲ? ಹುಲಿಯ ಮುಂದೆ ಸ್ಪೀಕರ್ ಹಚ್ಚುವ ಧೈರ್ಯ ಈ ಹುಡುಗರಿಗಿಲ್ಲ, ಅದು ಬೇರೆ ಮಾತು.

ಅರಸರ ಕಾಲದ ಕೆರೆ ಇದು. ಚರಂಡಿ ನೀರು ಸೇರಿ ನಾರುತ್ತಿದ್ದ ದಿನಗಳನ್ನು ಮೈಸೂರಿನ ಹಳಬರು ಮರೆತಿಲ್ಲ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವು ಪಡೆದು ಅದನ್ನು ಉಳಿಸಿಕೊಂಡದ್ದು ತೇಲುವ ಡಿಜೆ ನಡೆಸಲಿಕ್ಕೆ ಅಲ್ಲವಷ್ಟೆ? ಮಂಗಳವಾರ ರಜೆ ಇರುವುದರಿಂದ ವಾರಕ್ಕೊಂದು ದಿನವಾದರೂ ಹಕ್ಕಿಗಳು ಉಸಿರಾಡುತ್ತಿವೆ. ಉಳಿದ ಆರು ದಿನ?

ಸಮಿತಿ ಬೇಡ, ಅಧ್ಯಯನ ಬೇಡ, ಇನ್ನೊಂದು ಬಣ್ಣದ ಫಲಕವಂತೂ ಬೇಡವೇ ಬೇಡ. ಲೈಫ್ ಜಾಕೆಟ್ ಕೊಡುವ ಜಾಗದಲ್ಲಿ ಒಂದು ಮರದ ಕಪಾಟು ಇಡಿಸಿ, ಟೋಕನ್ ಕೊಟ್ಟು ಸ್ಪೀಕರ್ ಇಳಿಸಿಕೊಳ್ಳಿ. ಗೂಡಿರುವ ನಡುಗಡ್ಡೆಯ ಸುತ್ತ ತೇಲುಬುರುಡೆ ಕಟ್ಟಿದ ಹಗ್ಗ ಎಳೆಸಿ. ಕಪಾಟಿಗೆ ಅನುದಾನವಿಲ್ಲ ಎನ್ನುವುದಾದರೆ ಹೇಳಿ, ನಮ್ಮ ಮನೆಯಲ್ಲೊಂದು ಹಳೆಯದಿದೆ, ಆಟೊದಲ್ಲಿ ಹಾಕಿಸಿ ಕಳುಹಿಸುತ್ತೇನೆ.

ಮರಿಗಳು ಹಾರಿಹೋಗುವ ಮೊದಲು ಇನ್ನೊಮ್ಮೆ ಕರೆದುಕೊಂಡು ಹೋಗುತ್ತೀಯಾ ಎಂದು ಅಮ್ಮ ಕೇಳಿದ್ದಾರೆ. ನಿಮ್ಮ ಉತ್ತರ ಬಂದ ಮೇಲೆ ಹೇಳುತ್ತೇನೆ ಎಂದಿದ್ದೇನೆ. ಸ್ಪೀಕರನ್ನು ದಡದಲ್ಲೇ ಇಳಿಸಿಕೊಳ್ಳಿ, ಸ್ವಾಮಿ.

ಇಂತಿ,
ಸಿದ್ಧಾರ್ಥನಗರದ ಒಬ್ಬ ನಿವಾಸಿ